ಜವಾರಿ

ಬುರುಡಿ ಬಡದು ನೋಡೂದು ನನ್ನ ಮೊದಲಿನ ಕೆಲಸ.
ಪಂಢರಪುರದ ಕಡಿಂದ ಬಂದ ಭೋಪಳಾ
ಮಿರಜದ ಓಣ್ಯಾಗ ಸಾಲು ಹಿಡದು ಒಣಗತಿರತಾವು.
ಹೆಬ್ಬಟ್ಟು ಆಡಿಸಿ, ಗೆಣ್ಣಿಲೆ ಒಮ್ಮಿ ತಟ್ಟಿ
ಇದು ಸಿತಾರಕ್ಕ, ಇದು ತಂಬೂರಿಗೆ, ಇದು ಒಲಿಗೆ ಅಂತಿದ್ದೆ.
ಹನ್ನೊಂದು ವರ್ಷ
ಹೆಬ್ಬಟ್ಟು ಸುಳ್ಳು ಹೇಳಲಿಲ್ಲ.

ಹಂಗಾಗಿ ಆ ದಿನ ಬಚ್ಚಲದಾಗ
ಸಬಕಾರದ ಕೈ ತಾನಽ ನಿಂತಾಗ
ಗೊತ್ತಾತು.
ಎಡಗಡಿದು. ಕಡ್ಲಿಕಾಳಿನಷ್ಟು ಗಂಟು.
ನೋವಿರಲಿಲ್ಲ, ಅದಕ್ಕಽ ಹೆದರಿದೆ:
ಒಳಗ ಕೊಳೆತ ಬುರುಡಿ ಮುಟ್ಟಿದರ ಗಟ್ಟೀನಽ ಇರತೈತಿ.

ಆದರೂ ಮೂರು ತಿಂಗಳ ಸುಮ್ಮನಿದ್ದೆ.
ಹೇಳಬೇಕಂದ್ರ ಯಾ ಭಾಷಾದಾಗ?
ಆ ಅಂಗದ ಹೆಸರು ಮರಾಠಿಯೊಳಗ
ನನಗ ಬೈಗಳಾಗಿ ಅಷ್ಟಽ ಬರತೈತಿ,
ಕನ್ನಡದಾಗ ಅವ್ವನ ಮುಂದ ಬಾಯಿಗೆ ಬರಂಗಿಲ್ಲ.

ಡಾಕ್ಟರು ಚೀಟಿ ಹಿಂದ ಚಿತ್ರ ತಗದು ತೋರಿಸಿದರು.
ಒಂದು ತಗೀತೀವಿ, ಒಂದು ಇರತೈತಿ,
ಆಮ್ಯಾಲ ಔಷಧದ ಬಾಟಲಿ, ಮೂರು ಸುತ್ತು.
ಲಗ್ನಾಗಿ ಎಷ್ಟಾತು?
ಎಂಟು ತಿಂಗಳು.
ಪೆನ್ನಿನ ಟೊಪ್ಪಿಗಿ ಹಾಕಿ, ತಗದು, ಮತ್ತ ಹಾಕಿದರು.
ಹಂಗಾದ್ರ ಬಾಟಲಿ ಹಚ್ಚೂಕಿನ ಮುಂಚೆ
ನಿಮ್ಮದು ಸ್ವಲ್ಪ ತಗದಿಡ್ರಿ ಅಂದರು,
ಸಾಂಗಲಿ ರಸ್ತಾದ ಮ್ಯಾಲ ಐತಿ ಒಂದು ಜಾಗಾ.

ಔಷಧದಾಗ ಪ್ಲಾಟಿನಂ ಐತಂತ.
ಮಹಾನಂದಾ ನಕ್ಕಳು:
ಕೊಳ್ಳಾಗಿನ ಬಂಗಾರ ಒತ್ತಿ ಇಟ್ಟು
ನಿನ್ನ ನರದಾಗ ಪ್ಲಾಟಿನಂ ಹಾಕಸಾಕತ್ತೀನಿ, ನೋಡು.

ಆ ಕೋಣ್ಯಾಗ ಒಂದು ಪ್ಲಾಸ್ಟಿಕ್ ಕುರ್ಚಿ,
ಗೋಡಿಗೆ ನೀಲಿ ಪಡದೆ, ಅದರ ಹಿಂದ ಕಿಡಕಿನಽ ಇಲ್ಲ.
ಕಪ್ಪಿನ ಮ್ಯಾಲ ನನ್ನ ಹೆಸರು ತಪ್ಪಾಗಿತ್ತು,
ರೇವಣಸಿದ್ದ ಹೋಗಿ ರಾವಣಸಿದ್ದ.
ಮೊದಲ ದಿನ ಏನೂ ಆಗಲಿಲ್ಲ.
ಹೊರಗ ಆಕಿ ರಸೀದಿಯವನ ಜೋಡಿ
ಐವತ್ತು ರೂಪಾಯಿ ಚಿಲ್ಲರಕ್ಕ ಜಗಳಾಡತಿದ್ದಳು,
ಬಳಿ ಸಪ್ಪಳ ಬಾಗಲಾ ದಾಟಿ ಬರತಿತ್ತು.
ಎರಡನೇ ದಿನ ಆ ಸಪ್ಪಳಾನಽ ನೆನಸಿದೆ.

ಅರ್ಜಿಯೊಳಗ ಒಂದು ಕಾಲಂ:
ಗಂಡ ತೀರಿಕೊಂಡರ ಇದನ್ನ ಏನು ಮಾಡಬೇಕು?
ಎರಡು ಚೌಕ. ನಾಶ. ಇಲ್ಲಾ ಹೆಂಡತಿಗೆ.
ಖಾಲಿ ಬಿಡೂಣು ಅಂದಳು. ಬಿಡಂಗಿಲ್ಲಂದ ಹುಡುಗ.
ಎಡಗೈ ಅಡ್ಡ ಹಿಡದು ಗೀಟು ಹಾಕಿದಳು,
ಸಾಲ್ಯಾಗ ಬಾಜೂದವರಿಗೆ ಕಾಣಬಾರದಂತ ಬರಿಯೂ ಹಂಗ.
ನಾ ನೋಡದಽ ಸಹಿ ಮಾಡಿದೆ.
ಯಾವ ಚೌಕ ಅಂತ ಇನ್ನೂ ಕೇಳಿಲ್ಲ.

ಅವ್ವಗ ಆಕೀನಽ ಹೇಳಿದಳು.
ಉಮದಿಯಿಂದ ಫೋನು ಬಂತು:
ಬೂದ್ಯಾಗ ಇಟ್ಟಾರೇನು?
ಇಲ್ಲಬೇ, ಮಂಜಿನಾಗ.
ಥಂಡಿಗೆ ಬೀಜ ಕೆಡಂಗಿಲ್ಲೇನು?
ಈ ಥಂಡಿಗೆ ಕೆಡೂದು ಸೈತ ಹೆಪ್ಪುಗಟ್ಟತೈತಂತ.
ಸ್ವಲ್ಪ ಹೊತ್ತು ಸುಮ್ಮನಾಗಿ
ಜವಾರಿ ಐತಿ, ತಡೀತೈತಿ ಬಿಡು ಅಂದಳು.

ನನ್ನ ಜವಾರಿ ಬ್ಯಾರೆ.
ತಂತಿ ಕೂಡೂ ಎಲುಬಿನ ಪಟ್ಟಿ,
ಕೂದಲೆಳಿಯಷ್ಟು ಉಜ್ಜಿದರ ದನಿ ಬಿಚ್ಚತೈತಿ,
ಎರಡೆಳಿ ಉಜ್ಜಿದರ ಸಾಯತೈತಿ.
ಎರಡು ವರ್ಷ ಆತು, ಇಲಾಹಿ ಚಾಚಾ
ಆ ಕೆಲಸ ನನ್ನ ಕೈಗೆ ಕೊಟ್ಟು.

ಮೂರನೇ ಸುತ್ತು ಮುಗಿದಾಗ ಕೂದಲ ಹೋಗಿತ್ತು, ಬಂತು.
ರುಚಿ ಹೋಗಿತ್ತು, ಬಂತು.
ಕಿವ್ಯಾಗ ಮಾತ್ರ ಒಂದು ತಂತಿ ಉಳೀತು,
ಯಾರೂ ಮೀಟದ್ದು,
ಹಗಲೂ ರಾತ್ರೀನೂ ಒಂದಽ ಸ್ವರ.
ಮ್ಯಾಲಿನ ಸಪ್ತಕ ಕೇಳಂಗಿಲ್ಲ ಈಗ.
ಒಂದು ಪಟ್ಟಿ ಕೆಡಿಸಿದೆ. ಎರಡನೇದೂ ಕೆಡಿಸಿದೆ.
ಚಾಚಾ ಏನೂ ಅನ್ನದಽ
ಅರ ನನ್ನ ಕೈಯಿಂದ ತಗೊಂಡ,
ಒಣಗಿದ ಭೋಪಳಾ ಒಂದು ಮುಂದ ಇಟ್ಟ.
ತಟ್ಟಿದೆ. ಅದರ ದನಿ ಕೆಳಗಿಂದು. ಕೇಳಿಸಿತು.

ಪರೀಕ್ಷಾ ಚಂದ ಬರಾಕತ್ತಾವು ಅಂತಾರ ಡಾಕ್ಟರು.
ಉಳಿದ ಒಂದಽ ಸಾಕಾಗಬಹುದು, ಎರಡು ವರ್ಷ ಕಾಯ್ರಿ.
ಕಾಯಾಕತ್ತೀವಿ.
ದೀಪಾವಳಿಗೆ ಮಂಜಿನ ಬಾಡಗಿ ಕಟ್ಟಿ ಬಂದ್ವಿ.
ರಸೀದಿ ಮ್ಯಾಲ ಇನ್ನೂ ರಾವಣಸಿದ್ದ.
ತಿದ್ದಸೂಣು ಅಂದೆ.
ಬ್ಯಾಡ ಅಂದಳು.
ಆ ಹೆಸರಿಲೆನಽ ಇಟ್ಟಾರ,
ಹುಡುಕಿದರ ಆ ಹೆಸರಿಲೆನಽ ಸಿಗತೈತಿ.